ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ವೈಫೈ ಇಲ್ಲ, ಸಿ ಡ್ರೈವ್ ಭರ್ತಿ: ಹಳೇ ಫೋಲ್ಡರ್ ಡಿಲೀಟ್ ಮಾಡಬಹುದಾ?

ಗುಬ್ಬಿ ಆನ್‌ಲೈನ್ ಸೆಂಟರ್
ಎಲ್ಲರಿಗೂ ನಮಸ್ಕಾರ. ಗುಬ್ಬೀಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ, ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿತ್ತು ಅಂತ ತುಮಕೂರಲ್ಲಿ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ವಿಂಡೋಸ್ 10 ಮತ್ತೆ ಹಾಕಿ ಕೊಟ್ಟವ್ರೆ. ತಂದು ಆನ್ ಮಾಡಿದ್ರೆ ವೈಫೈ ಗುರುತೇ ಇಲ್ಲ. ಡೆಸ್ಕ್‌ಟಾಪ್ ಖಾಲಿ. ಗಿರಾಕಿಗಳ ಲಗ್ನಪತ್ರಿಕೆ, ಬಾಂಡ್ ಪೇಪರ್ ಮ್ಯಾಟರ್ ಎಲ್ಲಾ ಅಲ್ಲೇ ಇತ್ತು. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿಸ್ಟಲ್ಲೇ ಇಲ್ಲ. ಎಸ್‌ಎಸ್‌ಡಿ 120 ಜಿಬಿ, ಅದರಲ್ಲಿ ಜಾಗ ಉಳಿದಿರೋದು ಬರೀ 9 ಜಿಬಿ. ಸಿ ಡ್ರೈವಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅಂತ ದೊಡ್ಡ ಫೋಲ್ಡರ್ ಕೂತೈತೆ.

ಅಂಗಡಿಗೆ ಫೋನ್ ಮಾಡಿದ್ರೆ, ಆ ಫೋಲ್ಡರ್ ಡಿಲೀಟ್ ಮಾಡಿ ಜಾಗ ಆಗುತ್ತೆ, ಡ್ರೈವರ್ (ವೈಫೈ, ಪ್ರಿಂಟರ್ ಥರದ್ದನ್ನ ಓಡಿಸೋ ಸಾಫ್ಟ್‌ವೇರ್) ನೆಟ್ಟಿಂದ ತಾನೇ ಇಳ್ಕೊಳುತ್ತೆ ಅಂತಾರೆ. ವೈಫೈ ಡ್ರೈವರೇ ಇಲ್ದೆ ನೆಟ್ ಎಲ್ಲಿಂದ ಬರುತ್ತೆ? ಲ್ಯಾನ್ ವೈರ್ ಚುಚ್ಚೋ ಜಾಗನೂ ಈ ಲ್ಯಾಪ್‌ಟಾಪಲ್ಲಿ ಇಲ್ಲ. ಡಿಲೀಟ್ ಮಾಡ್ಲಾ ಬೇಡ್ವಾ, ಗೊತ್ತಿರೋರು ದಯವಿಟ್ಟು ಹೇಳಿ. ಅಂಗಡಿ ನಿಂತೋಗೈತೆ.

ಶಿರಾ ಸೀಮೆ
ಮಾಡಿ ಗುರು, ಏನೂ ಆಗಲ್ಲ. ಅದು ಹಳೇ ವಿಂಡೋಸ್. ಡಿಸ್ಕ್ ಕ್ಲೀನಪ್ ತೆಗೆದು 'ಕ್ಲೀನಪ್ ಸಿಸ್ಟಮ್ ಫೈಲ್ಸ್' ಒತ್ತಿ, 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್ಸ್' ಅಂತ ಬರುತ್ತೆ, ಟಿಕ್ ಹಾಕಿ ಓಕೆ ಕೊಡಿ. ಜಾಗ ವಾಪಸ್ ಬರುತ್ತೆ.

ರಿಪೇರಿ ಕೋಲಾರ
ಮುಟ್ಟಬೇಡಿ! ಅಣ್ಣ, ದಯವಿಟ್ಟು ಆ ಫೋಲ್ಡರ್ ಇವತ್ತು ಮುಟ್ಟಬೇಡಿ. ಶಿರಾದವರು ಹೇಳಿದ ದಾರಿ ಸರಿ, ಆದ್ರೆ ಅದು ಕೊನೇ ಕೆಲಸ, ಮೊದಲನೇದಲ್ಲ. ಡಿಸ್ಕ್ ಕ್ಲೀನಪ್ಪಲ್ಲಿ ಹೋದದ್ದು ರೀಸೈಕಲ್ ಬಿನ್ನಿಗೂ ಬರಲ್ಲ.

ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಹಳೇದರ ಮೇಲೇ ಹೊಸದು ಹಾಕವ್ರೆ. ಹಂಗೆ ಹಾಕಿದಾಗ ಸೆಟಪ್ಪು ಹಳೇ ವಿಂಡೋಸ್, ಪ್ರೋಗ್ರಾಮ್ ಫೈಲ್ಸ್, ಯೂಸರ್ಸ್ ಫೋಲ್ಡರ್ ಮೂರನ್ನೂ ಎತ್ತಿ ವಿಂಡೋಸ್ ಡಾಟ್ ಓಲ್ಡ್ ಒಳಗೆ ಇಡುತ್ತೆ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಾ ಅದರೊಳಗಿನ ಯೂಸರ್ಸಲ್ಲಿ, ನಿಮ್ಮ ಹಳೇ ಹೆಸರಿನ ಫೋಲ್ಡರಲ್ಲಿ ಇರುತ್ತೆ. ತೆಗೆಯೋಕೆ ಹೋದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ, 'ಕಂಟಿನ್ಯೂ' ಒತ್ತಿ, ಸ್ವಲ್ಪ ಹೊತ್ತು ಕಾಯಿರಿ, ತೆರ್ಕೊಳುತ್ತೆ. ಮೊದಲು ಅದನ್ನ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ.

ವೈಫೈ ಡ್ರೈವರೂ ಅದೇ ಫೋಲ್ಡರಲ್ಲಿ ಐತೆ. ನೆಟ್ಟೇ ಬೇಡ. ಮೊದಲು ಇದೊಂದು ಹೇಳಿ: ಡಿವೈಸ್ ಮ್ಯಾನೇಜರಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸೋ ಕಡೆ) ಹಳದಿ ಗುರುತು ಯಾವ್ಯಾವುದಕ್ಕೆ ಬಂದೈತೆ?

ಶಿರಾ ಸೀಮೆ
ಹೌದು, ಡೆಸ್ಕ್‌ಟಾಪಲ್ಲಿ ಫೈಲ್ ಇತ್ತು ಅಂದದ್ದು ನಾನು ಗಮನಿಸಲಿಲ್ಲ. ಕಾಪಿ ಆದ್ಮೇಲೇ ತೆಗೀರಿ.

ಗುಬ್ಬಿ ಆನ್‌ಲೈನ್ ಸೆಂಟರ್
ಅಣ್ಣಾ ಸಿಕ್ತು!! ಡೆಸ್ಕ್‌ಟಾಪ್ ಫೋಲ್ಡರ್ ಪೂರ್ತಿ ಐತೆ. ಕಾಪಿಗೆ ಹಾಕಿದೀನಿ.

ಹಳದಿ ಗುರುತು ಇವಕ್ಕೆ: ನೆಟ್‌ವರ್ಕ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಎಸ್‌ಎಂ ಬಸ್ ಕಂಟ್ರೋಲರ್. ಪ್ರಾಪರ್ಟೀಸಲ್ಲಿ 'ಕೋಡ್ 28' ಅಂತ ಬರುತ್ತೆ.

ಪೆಂಗ್ವಿನ್ ತುಮಕೂರು
ಕೋಡ್ 28 ಅಂದ್ರೆ ಡ್ರೈವರ್ ಹಾಕಿಲ್ಲ ಅಂತ ಅಷ್ಟೇ, ಕಾರ್ಡ್ ಕೆಟ್ಟಿಲ್ಲ. ಕೋಡ್ 10 ಅಥವಾ 43 ಬಂದಿದ್ರೆ ಯೋಚನೆ ಮಾಡಬೇಕಿತ್ತು.

ಆ ನೆಟ್‌ವರ್ಕ್ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಕೆಳಗಿನ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡೀಸ್' ಆರಿಸಿ. 'ವೆನ್' ಆದ್ಮೇಲೆ ಬರೋ ನಾಲ್ಕು ಅಕ್ಷರ ತಯಾರಕರದು, 'ಡೆವ್' ಆದ್ಮೇಲೆ ಬರೋದು ಆ ಚಿಪ್ಪಿನದು. 8086 ಇದ್ರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಆಥೆರೋಸ್. ಇದು ಗೊತ್ತಾದ್ರೆ ಯಾವ ಡ್ರೈವರ್ ಬೇಕು ಅಂತ ಊಹೆ ಮಾಡೋ ಅವಶ್ಯಕತೆಯೇ ಇಲ್ಲ.

ಗುಬ್ಬಿ ಆನ್‌ಲೈನ್ ಸೆಂಟರ್
ವೆನ್ 10ಇಸಿ, ಡೆವ್ ಸಿ821.

ಪೆಂಗ್ವಿನ್ ತುಮಕೂರು
ರಿಯಲ್‌ಟೆಕ್ 8821ಸಿಇ. ವೈಫೈ, ಬ್ಲೂಟೂತ್ ಎರಡೂ ಅದೇ ಕಾರ್ಡಲ್ಲಿ ಇರುತ್ತೆ. ಎಸ್‌ಎಂ ಬಸ್ ಬಂದಿರೋದು ಚಿಪ್‌ಸೆಟ್ ಡ್ರೈವರ್ ಇಲ್ಲದ್ದಕ್ಕೆ. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಅನ್ನೋದು ಇಂಟೆಲ್ ಮೆಷಿನಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್. ಹೆಸರು ನೋಡಿ ಮೋಡೆಮ್ ಅಂತ ತಿಳ್ಕೊಂಡು ಮೋಡೆಮ್ ಡ್ರೈವರ್ ಹುಡುಕೋರು ಬಹಳ ಜನ.

ರಿಪೇರಿ ಕೋಲಾರ
ಸರಿಯಾಗಿ ಹೇಳಿದ್ರು. ಈಗ ಇದನ್ನ ಮಾಡಿ ಅಣ್ಣ. ಡಿವೈಸ್ ಮ್ಯಾನೇಜರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್, 'ಅಪ್‌ಡೇಟ್ ಡ್ರೈವರ್', ಎರಡನೇ ಆಯ್ಕೆ 'ಬ್ರೌಸ್ ಮೈ ಕಂಪ್ಯೂಟರ್'. ಅಲ್ಲಿ ದಾರಿ ಹಿಂಗೆ ಕೊಡಿ: ಸಿ ಡ್ರೈವ್, ವಿಂಡೋಸ್ ಡಾಟ್ ಓಲ್ಡ್, ವಿಂಡೋಸ್, ಸಿಸ್ಟಮ್ 32, ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್ ರೆಪಾಸಿಟರಿ. 'ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್' ಟಿಕ್ ಇರ್ಲೇಬೇಕು. ನೆಕ್ಸ್ಟ್.

ನಿಮ್ಮ ಹಳೇ ವಿಂಡೋಸಲ್ಲಿ ಓಡ್ತಿದ್ದ ಎಲ್ಲಾ ಡ್ರೈವರಿನ ಪ್ರತಿ ಆ ಫೋಲ್ಡರಲ್ಲಿ ಇರುತ್ತೆ. ವಿಂಡೋಸೇ ಹುಡುಕಿ ಹಾಕ್ಕೊಳುತ್ತೆ. ಹಳದಿ ಗುರುತು ಇರೋ ಒಂದೊಂದಕ್ಕೂ ಹಂಗೇ ಮಾಡಿ. ನಮ್ಮ ಕಡೆ ಎಷ್ಟೋ ಜನ ಮೆಕ್ಯಾನಿಕ್‌ಗಳು ಈ ಫೋಲ್ಡರ್ ಅಳಿಸಿಬಿಟ್ಟು ಆಮೇಲೆ ಡ್ರೈವರಿಗೆ ಅಲೆದಾಡ್ತಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬಾಗೇಪಲ್ಲಿಯವ
ಒಂದು ತಿದ್ದುಪಡಿ. ಹಳೇದು 32 ಬಿಟ್ ಆಗಿದ್ದು ಹೊಸದು 64 ಬಿಟ್ ಹಾಕಿದ್ರೆ ಆ ಡ್ರೈವರ್ ಕೂರಲ್ಲ. ಎರಡೂ ಒಂದೇ ಇರಬೇಕು. ವಿಂಡೋಸ್ 7 ಇದ್ದ ಮೆಷಿನ್ನಿಂದ 10ಕ್ಕೆ ಬಂದಿದ್ರೆ ಕೆಲವು ನಡೀತವೆ, ಕೆಲವು ನಡೆಯಲ್ಲ.

ರಿಪೇರಿ ಕೋಲಾರ
ಹೌದು, ಅದು ನಿಜ. ಗ್ರಾಫಿಕ್ಸ್ ಡ್ರೈವರ್ ಮಾತ್ರ ನಾನು ಹಳೇದು ಹಾಕಲ್ಲ, ಕಂಪನಿ ಸೈಟಿಂದ ಹೊಸದೇ ಹಾಕ್ತೀನಿ.

ತಿಪಟೂರು ಹುಡ್ಗ
ಇಷ್ಟೆಲ್ಲಾ ಯಾಕೆ? ಆಂಡ್ರಾಯ್ಡ್ ಫೋನ್ ಕೇಬಲ್ಲಲ್ಲಿ ಚುಚ್ಚಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ವಿಂಡೋಸ್ 10ರಲ್ಲಿ ಅದಕ್ಕೆ ಬೇಕಾದ ಡ್ರೈವರ್ ಮೊದಲೇ ಇದೆ, ಲ್ಯಾಪ್‌ಟಾಪಿಗೆ ನೆಟ್ ಬರುತ್ತೆ. ಆಮೇಲೆ ವಿಂಡೋಸ್ ಅಪ್‌ಡೇಟಲ್ಲಿ 'ಆಪ್ಷನಲ್ ಅಪ್‌ಡೇಟ್ಸ್' ಒಳಗೆ ಡ್ರೈವರ್ ಪಟ್ಟಿ ಇರುತ್ತೆ. ಕೇಬಲ್ ಬರೀ ಚಾರ್ಜಿಂಗದು ಆಗಿರಬಾರದು, ಡೇಟಾ ಹೋಗೋದು ಬೇಕು. ನಾನು ಹಾಸ್ಟೆಲಲ್ಲಿ ಎಲ್ಲರಿಗೂ ಹಿಂಗೇ ಮಾಡಿಕೊಡೋದು.

ಅಕ್ಷರಜೋಡಣೆ ಚಿಂತಾಮಣಿ
ಟೆದರಿಂಗ್ ಒಳ್ಳೇದು. ಐಫೋನ್ ಇರೋರಿಗೆ ಮಾತ್ರ ಆಪಲ್ ಡ್ರೈವರ್ ಬೇಕಾಗುತ್ತೆ, ಅದು ನೆನಪಿರಲಿ. ಮತ್ತೆ ಆ ಕನೆಕ್ಷನ್ನು 'ಮೀಟರ್ಡ್' (ಡೇಟಾ ಮಿತಿ ಇರೋದು) ಅಂತ ಸೆಟ್ ಆಗಿದ್ರೆ ಡ್ರೈವರ್ ಇಳಿಯದೆ ಹಂಗೇ ನಿಂತಿರುತ್ತೆ.

ಗುಬ್ಬಿಯವರೇ, ನೀವು ಡಿಟಿಪಿ ಮಾಡ್ತೀರಿ ಅಂದ್ರಲ್ಲ, ನುಡಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಫಾಂಟಲ್ಲಿ ಮಾಡಿದ ಫೈಲ್ ತೆರೆದು ನೋಡಿದ್ರಾ?

ಗುಬ್ಬಿ ಆನ್‌ಲೈನ್ ಸೆಂಟರ್
ಮೇಡಂ, ಅದನ್ನೇ ಕೇಳೋಣ ಅಂತಿದ್ದೆ. ಲಗ್ನಪತ್ರಿಕೆ ತೆಗೆದ್ರೆ ಎಲ್ಲಾ ಇಂಗ್ಲಿಷ್ ಅಕ್ಷರ, ಮಧ್ಯೆ ಪೌಂಡ್ ಗುರುತು. ಫೈಲ್ ಕೆಟ್ಟೋಗೈತಾ? ಒಬ್ಬರದು ಮುಂದಿನ ವಾರ ಮದುವೆ, ಅವರಿಗೆ ಏನ್ ಹೇಳ್ಲಿ.

ಅಕ್ಷರಜೋಡಣೆ ಚಿಂತಾಮಣಿ
ಕೆಟ್ಟಿಲ್ಲ, ಗಾಬರಿಯಾಗಬೇಡಿ. ಇದನ್ನ ನಾನು ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ನಮ್ಮ ಜಿಲ್ಲೆಗಳಲ್ಲಿ ಡಿಟಿಪಿ ಮಾಡೋರೆಲ್ಲಾ ವಿಂಡೋಸ್ ಹಾಕಿಸಿದಾಗಲೆಲ್ಲಾ ಇದೇ ಕಷ್ಟ ಪಡ್ತಾರೆ.

ನುಡಿಯಲ್ಲಿ ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದಾಗ ಫೈಲ್ ಒಳಗೆ ಕನ್ನಡ ಅಕ್ಷರ ಇರೋದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ ಇರ್ತವೆ. ನುಡಿ ಫಾಂಟು ಆ ಸಂಖ್ಯೆಗೆ ಕನ್ನಡದ ಆಕಾರ ಬರೆದು ತೋರಿಸುತ್ತೆ. 'ಕ' ಅನ್ನೋದು ಒಳಗೆ ಇಂಗ್ಲಿಷಿನ ಪಿ ಮತ್ತು ತಲೆ ಮೇಲೆ ಗೆರೆ ಇರೋ ಎ. 'ನ' ಅನ್ನೋದು ಪೌಂಡ್ ಗುರುತು ಮತ್ತು ಅದೇ ಎ. ಅದಕ್ಕೇ ನಿಮಗೆ ಅಷ್ಟೊಂದು ಪೌಂಡ್ ಕಾಣ್ತಿರೋದು. ಫಾಂಟ್ ಹೋದ್ರೆ ಕಣ್ಣಿಗೆ ಕನ್ನಡ ಹೋಗುತ್ತೆ, ಮ್ಯಾಟರ್ ಅಲ್ಲೇ ಇರುತ್ತೆ. ಫಾಂಟ್ ವಾಪಸ್ ಹಾಕಿದ ಕ್ಷಣ ಪತ್ರಿಕೆ ಹೆಂಗಿತ್ತೋ ಹಂಗೇ ನಿಲ್ಲುತ್ತೆ.

ಯೂನಿಕೋಡಲ್ಲಿ, ಅಂದ್ರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಟ್ಟಿರೋ ಪದ್ಧತಿಯಲ್ಲಿ, ಹಿಂಗಾಗಲ್ಲ. 1991ರಲ್ಲಿ ಬಂದ ಯೂನಿಕೋಡ್ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದ್ದೇ ಜಾಗ ಇದೆ. ಒಂದು ಕನ್ನಡ ಫಾಂಟ್ ಇಲ್ಲದಿದ್ರೆ ಇನ್ನೊಂದರಲ್ಲಿ ಕಾಣುತ್ತೆ. ವಿಂಡೋಸ್ 8ರಿಂದೀಚೆಗೆ ನಿರ್ಮಲ ಯುಐ ಫಾಂಟ್ ಜೊತೆಗೇ ಬರುತ್ತೆ. ಹಳೇ ತುಂಗಾ ಫಾಂಟಲ್ಲಿ ಮಾಡಿದ ಫೈಲ್ ಇದ್ರೆ, ವಿಂಡೋಸ್ 10ರಲ್ಲಿ ಅದು ತಾನಾಗಿ ಇರದೇ ಇರಬಹುದು. ಸೆಟ್ಟಿಂಗ್ಸಲ್ಲಿ 'ಆಪ್ಷನಲ್ ಫೀಚರ್ಸ್'ಗೆ ಹೋಗಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿಕೊಳ್ಳಿ.

ನೀವು ಈಗ ಮಾಡಬೇಕಾದ್ದು: ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಗುತ್ತೆ, ಅದನ್ನ ಹಾಕಿ. ಜೊತೆಗೆ ವಿಂಡೋಸ್ ಡಾಟ್ ಓಲ್ಡ್ ಒಳಗಿನ ವಿಂಡೋಸ್ ಫೋಲ್ಡರಲ್ಲಿ 'ಫಾಂಟ್ಸ್' ಇದೆ, ಅಲ್ಲಿಂದ ನೀವು ಬೇರೆ ಬೇರೆ ಕಡೆಯಿಂದ ತಂದು ಹಾಕಿದ್ದ ಶೀರ್ಷಿಕೆ ಫಾಂಟುಗಳನ್ನೂ ಕಾಪಿ ಮಾಡ್ಕೊಳ್ಳಿ. ಅವು ಮತ್ತೆ ಸಿಗಲ್ಲ. ಎಲ್ಲಾ ಅಲ್ಲೇ ಇರುತ್ತೆ ಅಂತಲೂ ಅಂದ್ಕೋಬೇಡಿ. ವಿಂಡೋಸ್ 10ರ 2018ರ ನಂತರದ ಆವೃತ್ತಿಗಳಲ್ಲಿ ಅಡ್ಮಿನ್ ಕೊಡದೆ ಹಾಕಿದ ಫಾಂಟ್ ನಿಮ್ಮ ಹಳೇ ಯೂಸರ್ ಫೋಲ್ಡರಿನ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಒಳಗೆ ಹೋಗಿ ಕೂತಿರುತ್ತೆ. ಆಪ್‌ಡೇಟಾ ಮರೆಯಾಗಿರುತ್ತೆ, 'ಹಿಡನ್ ಐಟಮ್ಸ್' ಟಿಕ್ ಹಾಕಿದ್ರೆ ಕಾಣುತ್ತೆ. ನಾನು ನನ್ನ ಅಂಗಡಿಯ ಫಾಂಟೆಲ್ಲಾ ಒಂದು ಪೆನ್‌ಡ್ರೈವಲ್ಲಿ ಬೇರೆ ಇಟ್ಟಿದೀನಿ.

ಮಧುಗಿರಿ ಮೇಷ್ಟ್ರು
ಅಕ್ಷರಜೋಡಣೆ ಮೇಡಂ ಅವರಿಗೆ ಧನ್ಯವಾದ. ನಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಹೀಗೇ ಕಾಣುತ್ತಿದ್ದವು. ವೈರಸ್ ಎಂದು ಹೇಳಿ ಒಬ್ಬರು ಅಳಿಸಿಯೇ ಬಿಟ್ಟರು. ವರ್ಷಗಳ ಕೆಲಸ ಅದು. ಈ ವಿಷಯವನ್ನು ಪ್ರತಿ ಶಾಲೆಯಲ್ಲೂ ಹೇಳಬೇಕು.

ತಿಪಟೂರು ಹುಡ್ಗ
ಎಲ್ಲಾ ಯೂನಿಕೋಡಿಗೆ ಬದಲಾಯಿಸಿಬಿಡಿ, ಕನ್ವರ್ಟರ್ ಇದೆಯಲ್ಲಾ.

ಅಕ್ಷರಜೋಡಣೆ ಚಿಂತಾಮಣಿ
ಪತ್ರ, ಅರ್ಜಿ, ಪ್ರಶ್ನೆಪತ್ರಿಕೆ ಎಲ್ಲಾ ಖಂಡಿತ ಬದಲಾಯಿಸಿ. ಒತ್ತಕ್ಷರ, ಅರ್ಕಾವತ್ತು ಇರೋ ಕಡೆ ಒಮ್ಮೆ ಕಣ್ಣಾಡಿಸಿ. ಆದ್ರೆ ಹಳೇ ಪೇಜ್‌ಮೇಕರಲ್ಲಿ ಮಾಡಿದ ಪುಟಕ್ಕೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರಲ್ಲ. ಆ ಕೆಲಸಕ್ಕೆ ನುಡಿ ಫಾಂಟ್ ಬೇಕೇ ಬೇಕು. ಮುದ್ರಣದಲ್ಲಿ ಇರೋರು ಒಂದೇ ದಿನಕ್ಕೆ ಬಿಡೋಕಾಗಲ್ಲ.

ಲೆಕ್ಕಪತ್ರ ಚಿಕ್ಕಬಳ್ಳಾಪುರ
ಯಾರಾದ್ರೂ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಇಟ್ಕೊಂಡೋರು ಇದನ್ನ ಓದ್ತಿದ್ರೆ: ಡೇಟಾ ಫೋಲ್ಡರ್ ಬಹಳ ಸಲ ಯೂಸರ್ಸ್ ಒಳಗಿನ 'ಪಬ್ಲಿಕ್'ನಲ್ಲಿ ಇರುತ್ತೆ, ಹಂಗಾಗಿ ಅದೂ ವಿಂಡೋಸ್ ಡಾಟ್ ಓಲ್ಡ್ ಒಳಗೆ ಹೋಗಿರುತ್ತೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿ ನಿಲ್ಲಿಸಬೇಡಿ. ಒಳಗೆ ಕಂಪನಿಗೊಂದರಂತೆ ಬರೀ ಅಂಕಿಯ ಹೆಸರಿನ ಫೋಲ್ಡರ್‌ಗಳಿರ್ತವೆ. ಅಂಕಿ ನೋಡಿ ಬೇಡದ್ದು ಅಂತ ಬಿಸಾಕಿದೋರನ್ನ ಕಂಡಿದೀನಿ, ಶಿಡ್ಲಘಟ್ಟದ ಒಬ್ಬ ರೇಷ್ಮೆ ರೀಲರ್‌ದು ಎರಡು ವರ್ಷದ ಗೂಡಿನ ಲೆಕ್ಕ ಹಂಗೇ ಹೋಯ್ತು.

ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಇರೋರು ಹೆದರಬೇಡಿ. ಸಹಿ ಆ ಟೋಕನ್ ಒಳಗೇ ಇರುತ್ತೆ, ವಿಂಡೋಸ್ ಜೊತೆ ಹೋಗಲ್ಲ. ಇ-ಪಾಸ್ 2003 ಆಗ್ಲಿ ಬೇರೆ ಯಾವುದೇ ಆಗ್ಲಿ ಅದರ ಡ್ರೈವರ್ ಹಾಕಿದ್ರೆ ಸಾಕು. 'ಇನಿಷಿಯಲೈಸ್' ಅನ್ನೋದನ್ನ ಮಾತ್ರ ಯಾವ ಕಾರಣಕ್ಕೂ ಒತ್ತಬೇಡಿ, ಸಹಿ ಅಳಿಸಿಹೋಗುತ್ತೆ.

ಶಿರಾ ಸೀಮೆ
ಬೆರಳಚ್ಚು ಡಿವೈಸಿಗೆ?

ಲೆಕ್ಕಪತ್ರ ಚಿಕ್ಕಬಳ್ಳಾಪುರ
ಮೊದಲು ಡ್ರೈವರ್, ಆಮೇಲೆ ಆರ್‌ಡಿ ಸರ್ವಿಸ್ (ಬೆರಳಚ್ಚನ್ನ ಆಧಾರ್ ಪೋರ್ಟಲ್ಲಿಗೆ ತಲುಪಿಸೋ ಸಾಫ್ಟ್‌ವೇರ್). ಎರಡೂ ಬೇರೆ ಬೇರೆ. ಡ್ರೈವರ್ ಮಾತ್ರ ಹಾಕಿದ್ರೆ ಲೈಟ್ ಹತ್ತುತ್ತೆ, ಆದ್ರೆ ಆಧಾರ್ ಪೋರ್ಟಲ್ಲಿಗೆ ಡಿವೈಸ್ ಸಿಗಲ್ಲ. ಆರ್‌ಡಿ ಸರ್ವಿಸ್ 11100ರಿಂದ 11120ರ ಒಳಗಿನ ಒಂದು ಪೋರ್ಟಲ್ಲಿ ಕೂತಿರುತ್ತೆ, ಆಂಟಿವೈರಸ್ ಅದನ್ನ ತಡೆದಿದೆಯಾ ನೋಡಿ.

ಬಾಗೇಪಲ್ಲಿಯವ
ಡ್ರೈವರಿಗೆ ಇಷ್ಟು ಒದ್ದಾಡೋ ಬದಲು ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಒಂದು ಹಾಕಿದ್ರೆ ಒಂದೇ ಕ್ಲಿಕ್ಕಿಗೆ ಎಲ್ಲಾ ಬರುತ್ತಲ್ವಾ?

ಪೆಂಗ್ವಿನ್ ತುಮಕೂರು
ಬೇಡ ಸಾರ್. ಗೂಗಲ್ಲಲ್ಲಿ ಹುಡುಕಿದಾಗ ಮೇಲೆ ಬರೋವು ಬಹಳಷ್ಟು ಜೊತೆಗೆ ಬೇಡದ ಬ್ರೌಸರ್, ಬೇಡದ ಆಂಟಿವೈರಸ್ ತುಂಬಿಸಿಬಿಡ್ತವೆ. ಹಾರ್ಡ್‌ವೇರ್ ಐಡಿ ನೋಡೋಕೆ ಒಂದು ನಿಮಿಷ ಸಾಕು. ಗಿರಾಕಿಗಳ ಆಧಾರ್ ಪ್ರತಿ ಇರೋ ಮೆಷಿನ್ನಿಗೆ ಗೊತ್ತಿಲ್ಲದ್ದು ಏನೂ ಹಾಕಬಾರದು, ಇದರಲ್ಲಿ ನಾನು ರಾಜಿ ಆಗಲ್ಲ.

ರಿಪೇರಿ ಕೋಲಾರ
ತಮ್ಮಾ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್ ಅಂತ ಐತೆ, ಉಚಿತ, ಸೋರ್ಸ್ ಕೋಡೂ ಬಹಿರಂಗ. ಅದರ ಪೂರ್ತಿ ಪ್ಯಾಕ್ ಹಾರ್ಡ್‌ಡಿಸ್ಕಲ್ಲಿ ತುಂಬಿಟ್ಟಿದೀನಿ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ರಿಪೇರಿಗೆ ಹೋದಾಗ ಸಿಗ್ನಲ್ ಇರಲ್ಲ, ಮೆಷಿನ್ನಲ್ಲಿ ಹಳೇ ಫೋಲ್ಡರೂ ಇರಲ್ಲ. ಅಲ್ಲಿ ಕೂತು ಐಡಿ ನೋಡಿ ಒಂದೊಂದೇ ಇಳಿಸ್ತೀನಿ ಅಂದ್ರೆ ಆಗುತ್ತಾ?

ಪೆಂಗ್ವಿನ್ ತುಮಕೂರು
ನಿಮ್ಮಂಥ ಅನುಭವಸ್ಥರ ಕೈಲಿ ಸರಿ ಅಣ್ಣ. ಅದು ತೋರಿಸಿದ್ದಕ್ಕೆಲ್ಲಾ ಟಿಕ್ ಹಾಕೋರ ಕೈಗೆ ಕೊಡಬಾರದು ಅನ್ನೋದು ನನ್ನ ಮಾತು. ಚೆನ್ನಾಗಿ ಓಡ್ತಿರೋ ಡ್ರೈವರನ್ನೂ ಬದಲಾಯಿಸಿ ಸೌಂಡ್ ಕಳ್ಕೊಂಡಿರೋರು ನಮ್ಮ ಕಾಲೇಜಲ್ಲೇ ಇದಾರೆ.

ರಿಪೇರಿ ಕೋಲಾರ
ಅದು ಒಪ್ಪಿದೆ. ಹಳದಿ ಗುರುತು ಇರೋದಕ್ಕೆ ಮಾತ್ರ ಹಾಕಬೇಕು.

ಪೆಂಗ್ವಿನ್ ತುಮಕೂರು
ಇನ್ನೊಂದು ದಾರಿ ಹೇಳ್ತೀನಿ. ಉಬುಂಟು (ಲಿನಕ್ಸ್) ಪೆನ್‌ಡ್ರೈವಿಂದ ಬೂಟ್ ಮಾಡಿ 'ಟ್ರೈ' ಕೊಡಿ, ಏನೂ ಇನ್‌ಸ್ಟಾಲ್ ಮಾಡೋದು ಬೇಡ. 8821ಸಿಇ ಡ್ರೈವರ್ ಈಗಿನ ಲಿನಕ್ಸ್ ಕರ್ನಲ್ಲಲ್ಲೇ ಇದೆ. ಅಲ್ಲಿ ವೈಫೈ ಬಂದ್ರೆ ಕಾರ್ಡ್ ಚೆನ್ನಾಗಿದೆ ಅಂತ ಖಚಿತ. ಪರ್ಮಿಷನ್ ತಂಟೆ ಇಲ್ಲದೆ ಹಳೇ ಫೈಲೂ ಕಾಪಿ ಆಗುತ್ತೆ. ವಿಂಡೋಸಲ್ಲಿ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದು ಶಟ್‌ಡೌನ್ ಮಾಡಿದ್ರೆ ಡ್ರೈವ್ ಸರಿಯಾಗಿ ತೆರೆಯಲ್ಲ, 'ರೀಸ್ಟಾರ್ಟ್' ಕೊಟ್ಟೇ ಪೆನ್‌ಡ್ರೈವಿಗೆ ಬನ್ನಿ.

ತಿಪಟೂರು ಹುಡ್ಗ
ಬಂದ್ರು ಲಿನಕ್ಸ್‌ನೋರು. 😀 ಹಂಗಾದ್ರೆ ಎಲ್‌ಬಿಪಿ 2900 ಅದರಲ್ಲಿ ಓಡಿಸಿ ನೋಡೋಣ.

ಪೆಂಗ್ವಿನ್ ತುಮಕೂರು
ಓಡುತ್ತೆ, ಕಷ್ಟಪಟ್ಟು ಕೂರಿಸಬೇಕು. ಅಂಗಡಿ ನಡೆಸೋರಿಗೆ ಆ ಪ್ರಿಂಟರಿಗಾಗಿ ವಿಂಡೋಸೇ ಇರಲಿ ಅಂತ ನಾನೂ ಹೇಳ್ತೀನಿ.

ರಿಪೇರಿ ಕೋಲಾರ
ಪ್ರಿಂಟರ್ ಬಗ್ಗೆ: 64 ಬಿಟ್ ವಿಂಡೋಸಿಗೆ 64 ಬಿಟ್ಟಿನ ಕ್ಯಾಪ್ಟ್ ಡ್ರೈವರ್ ಕ್ಯಾನನ್ ಸೈಟಲ್ಲಿ ಐತೆ. ಕೇಬಲ್ ಮೊದಲೇ ಚುಚ್ಚಬೇಡಿ. ಸೆಟಪ್ ಓಡಿಸಿ, ಅದು ಪ್ರಿಂಟರ್ ಆನ್ ಮಾಡಿ ಅಂದಾಗ ಚುಚ್ಚಿ. ಎಷ್ಟೋ ಮೆಷಿನ್ನಲ್ಲಿ ಇಷ್ಟೇ ತೊಂದರೆ.

ಬಾಗೇಪಲ್ಲಿಯವ
ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತಲ್ಲಾ. ಆನ್‌ಲೈನ್ ಸೆಂಟರಲ್ಲಿ ಇನ್ನೂ ಅದನ್ನೇ ಹಾಕಿಸಿಕೊಳ್ಳೋದು ಸರೀನಾ?

ಗುಬ್ಬಿ ಆನ್‌ಲೈನ್ ಸೆಂಟರ್
ಪ್ರೊಸೆಸರ್ 7ನೇ ಜನರೇಷನ್ ಸಾರ್, 11 ಹಾಕೋಕಾಗಲ್ಲ ಅಂದ್ರು.

ಬಾಗೇಪಲ್ಲಿಯವ
ಅದು ನಿಜ, ಇಂಟೆಲಲ್ಲಿ ಸಾಮಾನ್ಯವಾಗಿ 8ರಿಂದ ಮೇಲೆ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪೂ ಬೇಕು. ಹಂಗಿದ್ರೆ ಸೆಟ್ಟಿಂಗ್ಸಿನ ಅಪ್‌ಡೇಟ್ ಪುಟದಲ್ಲಿ ಇಎಸ್‌ಯುಗೆ (ಬೆಂಬಲ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಯೋಜನೆ) ಸೇರ್ಕೊಳ್ಳಿ. ಮನೆಬಳಕೆಯ ಪರ್ಸನಲ್ ಮೆಷಿನ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ.

ಮಧುಗಿರಿ ಮೇಷ್ಟ್ರು
ನನ್ನ ಮಗಳ ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ 11 ಮತ್ತೆ ಹಾಕಿಸಿದ ಮೇಲೆ ಡಿ ಡ್ರೈವ್ ತೆರೆಯಲು ಹೋದರೆ 48 ಅಂಕಿಯ ಕೀ ಕೇಳುತ್ತಿದೆ. ಇದೂ ಡ್ರೈವರ್ ಸಮಸ್ಯೆಯೇ?

ಪೆಂಗ್ವಿನ್ ತುಮಕೂರು
ಅಲ್ಲ ಮೇಷ್ಟ್ರೇ, ಅದು ಬಿಟ್‌ಲಾಕರ್, ವಿಂಡೋಸ್ ಡ್ರೈವಿಗೆ ಹಾಕೋ ಬೀಗ. ಹೊಸ ಮೆಷಿನ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ್ರೆ ಡ್ರೈವ್ ತಾನಾಗೇ ಲಾಕ್ ಆಗಿರಬಹುದು. ಬೇರೆ ಕಂಪ್ಯೂಟರಲ್ಲೋ ಫೋನಲ್ಲೋ ಅವರ ಅದೇ ಅಕೌಂಟಿಗೆ ಲಾಗಿನ್ ಆಗಿ ಡಿವೈಸ್ ಪಟ್ಟಿಯಲ್ಲಿ 'ರಿಕವರಿ ಕೀ' ನೋಡಿ. ಪರದೆ ಮೇಲೆ ಕಾಣೋ ಕೀ ಐಡಿಗೆ ಹೊಂದೋದನ್ನ ಹಾಕಿ. ಡಿ ಡ್ರೈವ್ ಫಾರ್ಮ್ಯಾಟ್ ಮಾಡೋಣ ಅಂತ ಯಾರೇ ಹೇಳಿದ್ರೂ ಒಪ್ಪಬೇಡಿ, ಕೀ ಸಿಕ್ಕಿದ್ರೆ ಒಂದು ಫೈಲೂ ಹೋಗಲ್ಲ.

ಮಧುಗಿರಿ ಮೇಷ್ಟ್ರು
ಸಿಕ್ಕಿತು. ತೆರೆಯಿತು. ಅವಳ ಪ್ರಾಜೆಕ್ಟ್ ಪೂರ್ತಿ ಇದೆ. ನಿಮಗೆ ಒಳ್ಳೆಯದಾಗಲಿ ಮಗು.

ಗುಬ್ಬಿ ಆನ್‌ಲೈನ್ ಸೆಂಟರ್
ಎಲ್ಲರಿಗೂ ಕೈ ಮುಗೀತೀನಿ. ರಿಪೇರಿ ಅಣ್ಣ ಹೇಳಿದ ಫೋಲ್ಡರ್ ತೋರಿಸಿದ ತಕ್ಷಣ ವೈಫೈ ಬಂತು, ಬ್ಲೂಟೂತೂ ಬಂತು. ಎಸ್‌ಎಂ ಬಸ್ಸೂ ಹೋಯ್ತು. ಪಿಸಿಐ ಸಿಂಪಲ್ ಒಂದು ಮಾತ್ರ ಅಲ್ಲಿ ಸಿಗಲಿಲ್ಲ, ನೆಟ್ ಬಂದ್ಮೇಲೆ ಆಪ್ಷನಲ್ ಅಪ್‌ಡೇಟಲ್ಲಿ ಬಂತು. ನುಡಿ ಹಾಕಿದೆ, ಲಗ್ನಪತ್ರಿಕೆ ಹೆಂಗಿತ್ತೋ ಹಂಗೇ ಐತೆ ಮೇಡಂ! ಶೀರ್ಷಿಕೆ ಫಾಂಟ್ ಆ ಆಪ್‌ಡೇಟಾ ಒಳಗೇ ಇದ್ವು. ಪ್ರಿಂಟರ್ ಕೇಬಲ್ ಆಮೇಲೆ ಚುಚ್ಚಿದ್ದಕ್ಕೆ ಪ್ರಿಂಟೂ ಬಂತು.

ಕ್ರೋಮಲ್ಲಿದ್ದ ಬುಕ್‌ಮಾರ್ಕು, ಪಾಸ್‌ವರ್ಡ್ ತರೋಕಾಗುತ್ತಾ? ಇಲ್ಲಾಂದ್ರೆ ಈಗ ಡಿಲೀಟ್ ಮಾಡ್ತೀನಿ.

ಪೆಂಗ್ವಿನ್ ತುಮಕೂರು
ಹಳೇ ಯೂಸರಿನ ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್ ಒಳಗೆ 'ಬುಕ್‌ಮಾರ್ಕ್ಸ್' ಅಂತ ಒಂದು ಫೈಲ್ ಇದೆ. ಕ್ರೋಮ್ ಮುಚ್ಚಿ, ಹೊಸದರ ಅದೇ ಜಾಗಕ್ಕೆ ಅದನ್ನ ಹಾಕಿ. ಪಾಸ್‌ವರ್ಡ್ ಹಂಗೆ ಬರಲ್ಲ, ಹಳೇ ವಿಂಡೋಸ್ ಲಾಗಿನ್ನಿಗೆ ಅದರ ಬೀಗ ಸೇರಿರುತ್ತೆ. ಜೀಮೇಲಿಗೆ ಸಿಂಕ್ ಆಗಿದ್ರೆ ಮಾತ್ರ ವಾಪಸ್ ಬರುತ್ತೆ.

ಶಿರಾ ಸೀಮೆ
ಆ ವಿಂಡೋಸ್ ಡಾಟ್ ಓಲ್ಡ್ 10 ದಿನಕ್ಕೆ ತಾನಾಗೇ ಅಳಿಯುತ್ತೆ ಅಂತಾರಲ್ಲಾ, ಬಿಟ್ರೆ ಆಯ್ತಲ್ವಾ?

ರಿಪೇರಿ ಕೋಲಾರ
ಅಪ್‌ಗ್ರೇಡ್ ಆದಾಗಿನ ಲೆಕ್ಕ ಅದು. ತಾನಾಗಿ ಅಳಿಯುತ್ತೆ ಅಂತ ಕಾಯೋದೂ ಬೇಡ, ಇನ್ನೂ ಇರುತ್ತೆ ಅಂತ ನಂಬೋದೂ ಬೇಡ. ಕಾಪಿ ಆಗಿದ್ದು ತೆರೆದು ನೋಡಿ, ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸಲ್ಲಿ ನೀವೇ ತೆಗೀರಿ. ಬರೀ ಡಿಲೀಟ್ ಒತ್ತಿದ್ರೆ ಅರ್ಧಕ್ಕೆ ಪರ್ಮಿಷನ್ ಅಂತ ನಿಲ್ಲುತ್ತೆ.

ಈಗ ಎಲ್ಲಾ ಡ್ರೈವರ್ ಸರಿ ಕೂತಿರೋವಾಗ್ಲೇ ಒಂದು ಕೆಲಸ ಮಾಡಿ. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತೆಗೆದು, ಪಿಎನ್‌ಪಿಯುಟಿಲ್ ಕಮಾಂಡಿಗೆ ಸ್ಲ್ಯಾಶ್ ಹಾಕಿ 'ಎಕ್ಸ್‌ಪೋರ್ಟ್-ಡ್ರೈವರ್', ಜಾಗ ಬಿಟ್ಟು ಒಂದು ನಕ್ಷತ್ರ ಚಿಹ್ನೆ, ಮತ್ತೆ ಜಾಗ ಬಿಟ್ಟು ಪೆನ್‌ಡ್ರೈವಿನ ಫೋಲ್ಡರ್ ದಾರಿ ಕೊಡಿ. ಫೋಲ್ಡರ್ ಮೊದಲೇ ಮಾಡಿಟ್ಟಿರಬೇಕು. ವಿಂಡೋಸ್ ಜೊತೆ ಬರದೆ ಆಮೇಲೆ ಹಾಕಿದ ಡ್ರೈವರೆಲ್ಲಾ ಅಲ್ಲಿಗೆ ಬಂದು ಬೀಳ್ತವೆ. ಮುಂದೆ ಯಾರೇ ಫಾರ್ಮ್ಯಾಟ್ ಮಾಡಿದ್ರೂ ಡಿವೈಸ್ ಮ್ಯಾನೇಜರಿಗೆ ಆ ಫೋಲ್ಡರ್ ತೋರಿಸಿದ್ರೆ ಮುಗೀತು.

ಮಧುಗಿರಿ ಮೇಷ್ಟ್ರು
ನಮ್ಮ ಶಾಲೆಯ ಲ್ಯಾಬಿನಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ಮಾದರಿ. ಒಂದರಿಂದ ಹೀಗೆ ತೆಗೆದದ್ದು ಉಳಿದವಕ್ಕೂ ಆಗುವುದೇ?

ರಿಪೇರಿ ಕೋಲಾರ
ಆಗುತ್ತೆ ಮೇಷ್ಟ್ರೇ. ಅದೇ ಕಮಾಂಡಲ್ಲಿ 'ಆಡ್-ಡ್ರೈವರ್' ಕೊಟ್ಟು, ಫೋಲ್ಡರ್ ದಾರಿಯ ಕೊನೆಗೆ ನಕ್ಷತ್ರ ಡಾಟ್ ಐಎನ್‌ಎಫ್ ಹಾಕಿ, ಆಮೇಲೆ ಸ್ಲ್ಯಾಶ್ 'ಸಬ್‌ಡಿರ್ಸ್', ಸ್ಲ್ಯಾಶ್ 'ಇನ್‌ಸ್ಟಾಲ್' ಸೇರಿಸಿದ್ರೆ ಒಂದೇ ಸಲಕ್ಕೆ ಎಲ್ಲಾ ಕೂರುತ್ತೆ. ಮಾದರಿ ಒಂದೇ ಆದ್ರೂ ಕೆಲವದರಲ್ಲಿ ವೈಫೈ ಕಾರ್ಡ್ ಬೇರೆ ಇರುತ್ತೆ. ಹಾಕಿದ್ಮೇಲೆ ಒಂದೊಂದರಲ್ಲೂ ಡಿವೈಸ್ ಮ್ಯಾನೇಜರ್ ತೆಗೆದು ನೋಡಿ, ಹಳದಿ ಉಳಿದಿದ್ರೆ ಆ ಐಡಿ ಇಲ್ಲಿ ಹಾಕಿ, ನೋಡ್ತೀನಿ.